ಬೇರು ತಾನೆ, ಏನು ಮಾಡುತ್ತದೆ?

ನಡುರಾತ್ರಿ ಎದ್ದು, ಹೊದಿಕೆ ಸರಿಮಾಡುವ ನೆಪದಲ್ಲಿ ಮಕ್ಕಳು ಸರಿಯಾಗಿ ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ನೋಡಿ ಬರುವ ತಾಯಂದಿರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಬಾಗಿಲ ಚಿಲಕ ಹಾಕಿದ್ದು ಗೊತ್ತಿದ್ದರೂ ಮತ್ತೆ ಹೋಗಿ ಮುಟ್ಟಿ ನೋಡುವವರು, ಗ್ಯಾಸ್ ಆರಿಸಿದೆನೇ ಎಂದು ಬಸ್ ಸ್ಟಾಪಿನಿಂದ ಮನೆಗೆ ವಾಪಸು ಬರುವವರು, ಫೋನ್ ಹೊಡೆದುಕೊಂಡರೆ ಸಾಕು ಎದೆ ಧಸಕ್ಕೆನ್ನುವವರು ನಮ್ಮ ನಿಮ್ಮ ನಡುವೆಯೇ ಇದ್ದಾರೆ. "ನಿಂಗೆ ಮಾಡಕ್ಕೆ ಬೇರೆ ಕೆಲ್ಸ ಇಲ್ಲ, ಅದಕ್ಕೇ ಹಿಂಗೆ" ಎಂದು ಮನೆಯವರು ನಕ್ಕುಬಿಡುತ್ತಾರೆ. ನಾವೂ ನಕ್ಕು ಒಳಗೊಳಗೇ ಬೇಯುತ್ತೇವೆ.

ಸೋದರಿಯರೇ, ನಾನೂ ಹಾಗೆ ಬೆಂದವಳೇ. ಬೇಗೆ ಆರಿಸಿಕೊಳ್ಳಲು ಹೋಗಿ ಇನ್ನೊಂದು ಬೆಂಕಿಗೆ ಕೈಯಿಟ್ಟ ಕಥೆಯನ್ನು ಇಲ್ಲಿ ಹೇಳಿಕೊಳ್ಳುತ್ತಿದ್ದೇನೆ. ಇದನ್ನು ಓದಿ ನಿಮ್ಮಲ್ಲಿ ಒಬ್ಬರು ಎಚ್ಚರವಾದರೂ ನನ್ನ ಬರವಣಿಗೆ ಸಾರ್ಥಕ.

ನಾಲೆ ಪಕ್ಕದ ದಿಗಿಲು

ನಾವಿರುವುದು ಮಂಡ್ಯದ ವಿ.ಸಿ. ಫಾರಂ. ಹೆಸರೇ ಹೇಳುವಂತೆ ವಿಶ್ವೇಶ್ವರಯ್ಯ ನಾಲೆಯ ನೀರನ್ನು ನಂಬಿ 1931ರಲ್ಲಿ ಶುರುವಾದ ಕೃಷಿ ಕೇಂದ್ರ ಇದು. ಕಬ್ಬು, ಭತ್ತ, ರಾಗಿಯ ಎಷ್ಟೋ ಒಳ್ಳೆಯ ತಳಿಗಳು ಇಲ್ಲಿಂದ ರೈತರ ಹೊಲಕ್ಕೆ ಹೋಗಿವೆ. ಎತ್ತ ನೋಡಿದರೂ ಹಸಿರು, ಬೆಳಿಗ್ಗೆ ಎದ್ದರೆ ಕೊಕ್ಕರೆಗಳ ಸಾಲು. ನೆಂಟರು ಬಂದರೆ "ನೀವು ಪುಣ್ಯವಂತರು ಕಣ್ರಿ, ಇಲ್ಲಿ ಯಾವ ಚಿಂತೆ?" ಎನ್ನುತ್ತಾರೆ.

ನನ್ನ ಚಿಂತೆ ಶುರುವಾದದ್ದೇ ಆ ನೀರಿನಿಂದ. 2018ರ ನವೆಂಬರ್ 24ನೇ ತಾರೀಕು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತದ್ದು ನಿಮಗೆ ನೆನಪಿರಬಹುದು. ಅಂದು ಶನಿವಾರ. ಸತ್ತವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಇಡೀ ಜಿಲ್ಲೆ ಅತ್ತಿತು. ಎಲ್ಲರೂ ಅತ್ತು ಸಮಾಧಾನ ಮಾಡಿಕೊಂಡರು. ನನ್ನ ಮನಸ್ಸು ಮಾತ್ರ ಆ ನಾಲೆಯ ಏರಿಯ ಮೇಲೇ ನಿಂತುಬಿಟ್ಟಿತು. ಆಗ ನನ್ನ ಮಗಳು ಐದನೇ ತರಗತಿ. ಅವಳು ಬಸ್ಸು ಹತ್ತಿದಳೆಂದರೆ ಇಳಿದು ಮನೆಗೆ ಬರುವ ತನಕ ನನ್ನ ಕೈಕಾಲು ತಣ್ಣಗೆ. ವರ್ಷಗಳು ಕಳೆದು ಅವಳು ಮಂಡ್ಯಕ್ಕೆ ಪಿ.ಯು.ಸಿ.ಗೆ ಹೋಗತೊಡಗಿದ ಮೇಲೆ ಇದು ಇನ್ನೂ ಹೆಚ್ಚಾಯಿತು. ಹತ್ತು ನಿಮಿಷ ತಡವಾದರೂ ಎದೆ ಡವಗುಟ್ಟುವುದು, ಅನ್ನ ಗಂಟಲಲ್ಲಿ ಇಳಿಯದಿರುವುದು, ರಾತ್ರಿ ನಿದ್ದೆ ಇಲ್ಲ.

ಎರಡು ವರ್ಷದ ಹಿಂದೆ ಒಂದು ದಿನ ಪಕ್ಕದ ಮನೆಯಾಕೆ ಕೇಳಿದಳು: "ಯಾಕಕ್ಕ, ಮೊಕ ಇಷ್ಟೊಂದು ಬಾಡೋಗದೆ?"

ಹೇಳಿಕೊಂಡೆ. ಅವಳು ತಕ್ಷಣ ಒಳಗೆ ಹೋಗಿ ಒಂದು ಡಬ್ಬ ತಂದಳು. "ಅಶ್ವಗಂಧ ಕಣಕ್ಕ. ರಾತ್ರಿ ಹಾಲ್ಗೆ ಒಂದ್ ಚಮಚ ಹಾಕ್ಕೊಂಡು ಕುಡೀರಿ. ನಾನೂ ಒಂದ್ ತಿಂಗ್ಳು ಕುಡ್ದೆ, ಚೆಂದಾಗ್ ನಿದ್ದೆ ಬಂತು. ಬೇರು ತಾನೆ, ಏನ್ ಮಾಡ್ತದೆ?"

ಆ ಮಾತೇ ನನಗೆ ಹಿಡಿಸಿದ್ದು. ಬೇರು ತಾನೆ, ಏನು ಮಾಡುತ್ತದೆ?

ಹಿರೇಮದ್ದಿನ ಪರಿಚಯ

ಅಶ್ವಗಂಧಕ್ಕೆ ಕನ್ನಡದಲ್ಲಿ ಹಿರೇಮದ್ದು ಎಂಬ ಒಳ್ಳೆಯ ಹೆಸರಿದೆ. ಅಂಗರಬೇರು ಎಂದೂ ಕರೆಯುವುದುಂಟು. ಹಸಿ ಬೇರನ್ನು ಮೂಸಿದರೆ ಕುದುರೆಯ ಮೈ ವಾಸನೆ ಬರುತ್ತದೆಂದು ಸಂಸ್ಕೃತದಲ್ಲಿ ಅಶ್ವಗಂಧ ಎಂದರು. ನಮ್ಮ ಬದನೆ, ಟೊಮೇಟೊ, ಮೆಣಸಿನಕಾಯಿ ಗಿಡಗಳ ಕುಟುಂಬಕ್ಕೇ ಸೇರಿದ್ದು. ಸೊಂಟದೆತ್ತರದ ಗಿಡ, ತೆಳುವಾದ ಪೊರೆಯ ಒಳಗೆ ಕೆಂಪಗಿನ ಪುಟ್ಟ ಹಣ್ಣು. ಒಣ ಭೂಮಿಯಲ್ಲಿ ಚೆನ್ನಾಗಿ ಬರುತ್ತದೆ. ಮಧ್ಯಪ್ರದೇಶದ ನೀಮಚ್, ಮಂದಸೌರ್ ಕಡೆ ಎಕರೆಗಟ್ಟಲೆ ಬೆಳೆಯುತ್ತಾರೆ.

ಆಯುರ್ವೇದದಲ್ಲಿ ಇದು ಬಲ ಕೊಡುವ, ವಾತ ತಗ್ಗಿಸುವ, ನಿದ್ದೆ ತರುವ ಮದ್ದು. ಇದರ ಸಸ್ಯಶಾಸ್ತ್ರದ ಹೆಸರಿನಲ್ಲಿರುವ 'ಸೋಮ್ನಿಫೆರಾ' ಎಂಬ ಪದಕ್ಕೂ ನಿದ್ದೆ ತರುವುದು ಎಂದೇ ಅರ್ಥ. ಬೇರಿನ ಚೂರ್ಣ, ಅಶ್ವಗಂಧಾರಿಷ್ಟ, ಲೇಹ್ಯ, ತುಪ್ಪ, ಎಣ್ಣೆ ಹೀಗೆ ನಾನಾ ರೂಪದಲ್ಲಿ ಕೊಡುತ್ತಿದ್ದರು. ಚೂರ್ಣದ ರೂಢಿಯ ಪ್ರಮಾಣ ದಿನಕ್ಕೆ 3ರಿಂದ 6 ಗ್ರಾಂ.

ಇದು ಅಡಿಗೆಮನೆಯ ಕಪಾಟಿಗೆ ಇಷ್ಟು ಸಲೀಸಾಗಿ ಬಂದದ್ದು ಕೊರೋನಾ ಕಾಲದಲ್ಲಿ. 2020ರ ಅಕ್ಟೋಬರಿನಲ್ಲಿ ಕೇಂದ್ರದ ಆಯುಷ್ ಸಚಿವಾಲಯ ಕೊಟ್ಟ ಸಲಹೆಯಲ್ಲಿ ಅಶ್ವಗಂಧವೂ ಇತ್ತು. ಆದರೆ ನೋಡಿ, ಅದರಲ್ಲಿ ಲೆಕ್ಕವೂ ಇತ್ತು, ಗಡುವೂ ಇತ್ತು: ಪುಡಿಯಾದರೆ 1ರಿಂದ 3 ಗ್ರಾಂ, ದಿನಕ್ಕೆ ಎರಡು ಸಲ, 15 ದಿನ ಇಲ್ಲವೇ ಒಂದು ತಿಂಗಳು. ನಾವು ಹೆಸರು ನೆನಪಿಟ್ಟುಕೊಂಡೆವು, ಗಡುವನ್ನು ಮರೆತೆವು.

ಗುಣ ಇಲ್ಲವೇ? ಇದೆ

ಇದರಲ್ಲಿ ಗುಣವಿಲ್ಲ ಎಂದು ನಾನು ಹೇಳಲಾರೆ. ನಮ್ಮ ದೇಶದ ವೈದ್ಯರೇ 2012ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯ ವಿವರ ಕೇಳಿ. ಮನಸ್ಸಿನ ಒತ್ತಡದಿಂದ ನರಳುತ್ತಿದ್ದ 64 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಅಶ್ವಗಂಧದ ಬೇರಿನ ಸಾರ 300 ಮಿಲಿಗ್ರಾಂ ದಿನಕ್ಕೆ ಎರಡು ಸಲ. ಇನ್ನೊಂದು ಗುಂಪಿಗೆ ನೋಡಲು ಹಾಗೇ ಇರುವ, ಮದ್ದಿಲ್ಲದ ಮಾತ್ರೆ. ಯಾರಿಗೆ ಯಾವುದೆಂದು ಅವರಿಗೆ ತಿಳಿಸಲಿಲ್ಲ. 60 ದಿನದ ಮೇಲೆ ನೋಡಿದರೆ ಅಶ್ವಗಂಧ ತೆಗೆದುಕೊಂಡವರ ಒತ್ತಡ ಹೆಚ್ಚು ತಗ್ಗಿತ್ತು. ರಕ್ತದಲ್ಲಿ ಕಾರ್ಟಿಸಾಲ್ ಎಂಬ ಅಂಶವೂ ಇಳಿದಿತ್ತು. ನಾವು ದಿಗಿಲು ಬಿದ್ದಾಗ ನಮ್ಮ ಮೂತ್ರಪಿಂಡದ ಮೇಲಿನ ಗ್ರಂಥಿಗಳು ಸುರಿಸುವ ರಸ ಅದು.

ಆಮೇಲೂ ಇಂಥ ಪರೀಕ್ಷೆಗಳು ನಡೆದು ಹೆಚ್ಚಿನವು ಇದೇ ದಾರಿಯಲ್ಲಿ ಉತ್ತರ ಕೊಟ್ಟಿವೆ. ಆದರೆ ಎಲ್ಲವೂ ಚಿಕ್ಕವು. ಎರಡು ಮೂರು ತಿಂಗಳಿಗಿಂತ ಹೆಚ್ಚು ಕಾಲ ನಡೆದದ್ದು ಅಪರೂಪ. ಬೇರೆ ಕಾಯಿಲೆ ಇದ್ದವರನ್ನು, ಬೇರೆ ಮಾತ್ರೆ ನುಂಗುವವರನ್ನು, ಬಸುರಿಯರನ್ನು ಇಂಥ ಪರೀಕ್ಷೆಗೆ ಸೇರಿಸಿಕೊಳ್ಳುವುದಿಲ್ಲ. ಅಂದರೆ ಗಟ್ಟಿಮುಟ್ಟಾಗಿರುವವರಿಗೆ ಎರಡು ತಿಂಗಳು ಒಳ್ಳೆಯದಾಯಿತು ಎಂದಷ್ಟೇ ಅರ್ಥ. ನಮ್ಮಂಥ ನಲವತ್ತು ದಾಟಿದ, ಬೆಳಿಗ್ಗೆ ಒಂದು ಮಾತ್ರೆ ರಾತ್ರಿ ಒಂದು ಮಾತ್ರೆ ನುಂಗುವ ಹೆಂಗಸರ ಮಾತೇ ಬೇರೆ.

ನನಗೆ ಆದದ್ದು

ನನಗೆ ಥೈರಾಯ್ಡ್ ಗ್ರಂಥಿ ಮಂದ. ಎರಡನೇ ಹೆರಿಗೆ ಆದಾಗಿನಿಂದಲೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ ತೆಗೆದುಕೊಳ್ಳುತ್ತೇನೆ. ಅದು ಎಷ್ಟು ಅಭ್ಯಾಸವಾಗಿತ್ತೆಂದರೆ ಹಲ್ಲುಜ್ಜುವುದಕ್ಕೂ ಅದಕ್ಕೂ ವ್ಯತ್ಯಾಸವೇ ಇರಲಿಲ್ಲ.

ಅಶ್ವಗಂಧದ ಹಾಲು ಕುಡಿಯತೊಡಗಿದ ಮೊದಲ ಎರಡು ವಾರ ಹಾಯಾಗಿತ್ತು. ನಿದ್ದೆ ಬಂತು. ಮಗಳು ತಡವಾಗಿ ಬಂದರೂ ಬಾಗಿಲಿಗೆ ಹತ್ತು ಸಲ ಹೋಗುವುದು ತಪ್ಪಿತು. ಸಂತೋಷವಾಗಿ ಮೆಡಿಕಲ್ ಸ್ಟೋರಿನಲ್ಲಿ ಕ್ಯಾಪ್ಸೂಲನ್ನೂ ತಂದೆ. "ಪುಡಿಗಿಂತ ಇದು ಸ್ಟ್ರಾಂಗು ಅಕ್ಕ, ದಿನಕ್ಕೆರಡು" ಎಂದ ಅಂಗಡಿಯ ಹುಡುಗ. ಹಾಲೂ ನಡೆಯಿತು, ಕ್ಯಾಪ್ಸೂಲೂ ನಡೆಯಿತು.

ಎರಡು ತಿಂಗಳು ಆಗುವ ಹೊತ್ತಿಗೆ ಹಳೆಯದೆಲ್ಲ ಮರಳಿ ಬಂತು. ಎದೆ ಡವಗುಟ್ಟುವುದು, ಬೆವರು, ಬೆರಳುಗಳಲ್ಲಿ ನಡುಕ. ಕಾಫಿ ಲೋಟ ಹಿಡಿದರೆ ತಟ್ಟೆಯ ಮೇಲೆ ಟಣಟಣ ಎನ್ನುತ್ತಿತ್ತು. ಚೆನ್ನಾಗಿ ಉಂಡರೂ ನಾಲ್ಕು ಕೆ.ಜಿ. ಇಳಿದೆ. ರವಿಕೆಗಳೆಲ್ಲ ಸಡಿಲ. ನಿದ್ದೆ ಮತ್ತೆ ಹಾರಿಹೋಯಿತು.

ಆಗ ನಾನು ಮಾಡಿದ್ದೇನು ಗೊತ್ತೇ? ದಿಗಿಲು ಜಾಸ್ತಿಯಾಗಿದೆ, ಮದ್ದು ಸಾಲದು ಎಂದುಕೊಂಡು ಒಂದು ಚಮಚದ ಬದಲು ಎರಡು ಚಮಚ ಹಾಕಿದೆ!

ಒಂದು ಬೆಳಿಗ್ಗೆ ರಂಗೋಲಿ ಹಾಕುತ್ತಾ ಹಾಗೇ ಕುಸಿದು ಕುಳಿತೆ. ಯಜಮಾನರು ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರಮ್ಮ ನಾಡಿ ಹಿಡಿದು ನೋಡಿದರು. ನಿಮಿಷಕ್ಕೆ 118.

"ಥೈರಾಯ್ಡ್ ಮಾತ್ರೆ ಬಿಟ್ಟು ಬೇರೆ ಏನಾದರೂ ತಗೋತಿದ್ದೀರೇನಮ್ಮ?"

"ಏನೂ ಇಲ್ಲ ಡಾಕ್ಟ್ರೇ" ಎಂದೆ. ಸುಳ್ಳು ಹೇಳಬೇಕೆಂದಲ್ಲ. ಅಶ್ವಗಂಧ ಔಷಧಿ ಎಂಬ ಯೋಚನೆಯೇ ನನಗೆ ಬರಲಿಲ್ಲ. ಹಾಲಿಗೆ ಹಾಕುವ ಪುಡಿ, ಅರಿಶಿನದ ಹಾಗೆ, ಏಲಕ್ಕಿಯ ಹಾಗೆ.

ರಕ್ತ ಪರೀಕ್ಷೆಯಾಯಿತು. ಥೈರಾಯ್ಡ್ ಮಂದ ಇರುವವಳ ಮೈಯಲ್ಲಿ ಆ ರಸ ಈಗ ಅತಿಯಾಗಿತ್ತು. ಡಾಕ್ಟರಮ್ಮ ಮತ್ತೆ ಕೇಳಿದರು: "ಸರಿಯಾಗಿ ಯೋಚನೆ ಮಾಡಿ. ಲೇಹ್ಯ, ಕಷಾಯ, ಪುಡಿ, ಟಿ.ವಿ. ನೋಡಿ ತಂದದ್ದು ಏನಾದರೂ?" ಆಗ ಬಾಯಿಬಿಟ್ಟೆ.

ಅವರು ಬೈಯಲಿಲ್ಲ. ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಅಶ್ವಗಂಧ ಕೆಲವರಲ್ಲಿ ಥೈರಾಯ್ಡ್ ಗ್ರಂಥಿಯನ್ನು ಚುರುಕು ಮಾಡುತ್ತದೆ. 2018ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಥೈರಾಯ್ಡ್ ಸ್ವಲ್ಪ ಮಂದವಿದ್ದ 50 ಮಂದಿಯಲ್ಲಿ ಅಶ್ವಗಂಧ ಸೇವಿಸಿದವರಿಗೆ ಎಂಟು ವಾರದಲ್ಲೇ ಆ ರಸ ಏರಿದ್ದು ಕಂಡಿತ್ತು. ಮಾತ್ರೆಯನ್ನೇ ತೆಗೆದುಕೊಳ್ಳದವರಿಗೆ ಇದು ಒಳ್ಳೆಯದೇ ಆಗಬಹುದು. ಆದರೆ ಮಾತ್ರೆಯಿಂದ ಬೇಕಾದಷ್ಟು ರಸ ಸಿಗುತ್ತಿರುವವರಿಗೆ ಇದೂ ಸೇರಿದರೆ ತುಂಬಿದ ಬಿಂದಿಗೆಗೆ ಮತ್ತೆ ನೀರು ಹೊಯ್ದಂತೆ. ಥೈರಾಯ್ಡ್ ರಸ ಅತಿಯಾದರೆ ಎದೆ ಬಡಿತ, ನಡುಕ, ಬೆವರು, ನಿದ್ದೆಗೇಡು, ದಿಗಿಲು. ನೋಡಲು ಥೇಟ್ ಆತಂಕದ ಕಾಯಿಲೆಯ ಹಾಗೆಯೇ!

"ನೂರಕ್ಕೆ ನೂರು ಇದೇ ಕಾರಣ ಅಂತ ನಾನು ಹೇಳಲ್ಲ. ಇದನ್ನ ನಿಲ್ಲಿಸಿ, ಆರು ವಾರ ಬಿಟ್ಟು ಮತ್ತೆ ರಕ್ತ ನೋಡೋಣ. ಥೈರಾಯ್ಡ್ ಮಾತ್ರೆ ಎಷ್ಟು ತಗೋಬೇಕು ಅಂತ ನಾನು ಬರ್ಕೊಡ್ತೀನಿ, ನೀವಾಗೇ ಬದಲಾಯಿಸಬೇಡಿ" ಎಂದರು. ಆರು ವಾರದ ಮೇಲೆ ನೋಡಿದಾಗ ರಕ್ತ ಸರಿಹೋಗಿತ್ತು. ಕಾಫಿ ಲೋಟ ಟಣಗುಟ್ಟುವುದೂ ನಿಂತಿತ್ತು.

ಪಕ್ಕದ ಮನೆಯಾಕೆ ಬಂದು ಕಣ್ಣೀರಿಟ್ಟಳು. "ನನ್ನಿಂದ್ಲೇ ಅಲ್ವೇನಕ್ಕ?" ಅವಳದೇನು ತಪ್ಪು? ಅವಳಿಗೆ ಥೈರಾಯ್ಡ್ ಇಲ್ಲ, ಬೇರೆ ಮಾತ್ರೆ ಇಲ್ಲ, ಒಂದು ತಿಂಗಳು ಕುಡಿದು ನಿಲ್ಲಿಸಿದ್ದಳು. ಅವಳಿಗೆ ಹಿಡಿದದ್ದು ನನಗೆ ಹಿಡಿಯಲಿಲ್ಲ, ಅಷ್ಟೆ.

ಪಿತ್ತಜನಕಾಂಗದ ಮಾತು

ಹುಷಾರಾದ ಮೇಲೆ ನನಗೆ ಕುತೂಹಲ ಹುಟ್ಟಿತು. ಡಾಕ್ಟರಮ್ಮನನ್ನೂ, ಪರಿಚಯದ ಆಯುರ್ವೇದ ಪಂಡಿತರನ್ನೂ ಕೇಳಿದೆ, ಮಗಳಿಂದ ಓದಿಸಿ ತಿಳಿದುಕೊಂಡೆ. ಥೈರಾಯ್ಡಿಗಿಂತ ದೊಡ್ಡ ಎಚ್ಚರಿಕೆ ಪಿತ್ತಜನಕಾಂಗದ್ದು, ನಾವು ಈಲಿ ಎನ್ನುತ್ತೇವಲ್ಲ, ಲಿವರ್, ಅದರದ್ದು.

2020ರಲ್ಲಿ ಐಸ್‌ಲ್ಯಾಂಡ್ ಮತ್ತು ಅಮೆರಿಕದ ವೈದ್ಯರು ಐದು ರೋಗಿಗಳ ವಿವರ ಪ್ರಕಟಿಸಿದರು. ಅಶ್ವಗಂಧ ಶುರುಮಾಡಿದ ಎರಡರಿಂದ ಹನ್ನೆರಡು ವಾರಗಳಲ್ಲಿ ಕಾಮಾಲೆ, ಮೈಯೆಲ್ಲ ತುರಿಕೆ, ವಾಕರಿಕೆ. ನಿಲ್ಲಿಸಿದ ಮೇಲೆ ನಾಲ್ವರು ಗುಣವಾದದ್ದು ಖಚಿತವಾಯಿತು, ಆದರೆ ಕೆಲವರಿಗೆ ತಿಂಗಳುಗಟ್ಟಲೆ ಹಿಡಿಯಿತು. 2023ರಲ್ಲಿ ನಮ್ಮ ದೇಶದ ವೈದ್ಯರೂ ಇಂಥ 23 ರೋಗಿಗಳ ವಿವರ ಬರೆದರು. ಅವರಲ್ಲಿ 8 ಮಂದಿ ಅಶ್ವಗಂಧ ಒಂದನ್ನೇ ಸೇವಿಸಿದ್ದವರು. ಮೊದಲೇ ಲಿವರ್ ಕಾಯಿಲೆ ಇದ್ದವರಲ್ಲಿ ಮೂವರು ಉಳಿಯಲಿಲ್ಲ.

ಲಕ್ಷಾಂತರ ಜನ ಸೇವಿಸುವ ಮದ್ದಿನಲ್ಲಿ ಇದು ಅಪರೂಪವೇ. ದಿಗಿಲು ಬೀಳಬೇಡಿ. ಆದರೆ ಅಪರೂಪದ್ದು ನಮ್ಮ ಮನೆಗೇ ಬಂದರೆ ನಮಗೆ ಅದು ನೂರಕ್ಕೆ ನೂರು. ಕಣ್ಣು ಹಳದಿಯಾಗುವುದು, ಮೂತ್ರ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗುವುದು, ಗುಳ್ಳೆಯಿಲ್ಲದೆ ಮೈ ತುರಿಸುವುದು, ಬಲಪಕ್ಕೆಯಲ್ಲಿ ನೋವು, ಊಟ ಕಂಡರೆ ಹೇಸಿಗೆ — ಇವು ಗೊತ್ತಿದ್ದರೆ ಸಾಕು. ಒಂದು ಕಂಡರೂ ಪುಡಿ ನಿಲ್ಲಿಸಿ, ಡಬ್ಬದ ಸಮೇತ ಡಾಕ್ಟರ ಹತ್ತಿರ ಹೋಗಿ. ಕಾಮಾಲೆಗೆ ಇನ್ನೊಂದು ನಾಟಿ ಮದ್ದು ಹುಡುಕುತ್ತಾ ದಿನ ಕಳೆಯಬೇಡಿ.

ಎಲೆಯ ವಿಚಾರವೂ ಇದೆ. ನಮ್ಮ ಹಿರಿಯರು ಹೊಟ್ಟೆಗೆ ಕೊಡುತ್ತಿದ್ದದ್ದು ಹೆಚ್ಚಾಗಿ ಬೇರು. ಈಚೆಗೆ ಕೆಲವರು ಎಲೆಯನ್ನೂ ಸೇರಿಸಿ ಸಾರ ತೆಗೆಯತೊಡಗಿದ್ದರು. ಎಲೆಯಲ್ಲಿ ತೀಕ್ಷ್ಣವಾದ ಅಂಶ ಹೆಚ್ಚು. 2021ರ ಅಕ್ಟೋಬರಿನಲ್ಲಿ ಆಯುಷ್ ಸಚಿವಾಲಯವೇ ಎಲೆ ಬಳಸಬೇಡಿ, ಬೇರನ್ನೇ ಬಳಸಿ ಎಂದು ತಯಾರಕರಿಗೆ ತಿಳಿಸಿತು. ಹಿತ್ತಲಿನಲ್ಲಿ ಗಿಡ ಇದೆಯೆಂದು ಸೊಪ್ಪು ಕಿತ್ತು ಕಷಾಯ ಮಾಡುವವರು ಇದನ್ನು ಗಮನಿಸಬೇಕು.

ಹೊರದೇಶಗಳ ಮಾತು ಕೇಳಿದರೆ ಡೆನ್ಮಾರ್ಕ್ ಸರ್ಕಾರ 2023ರಲ್ಲಿ ಅಶ್ವಗಂಧವನ್ನು ಆಹಾರ ಪೂರಕಗಳಲ್ಲಿ ಬಳಸದಂತೆ ನಿಷೇಧಿಸಿತು. ನಮ್ಮ ಆಯುರ್ವೇದ ತಜ್ಞರು ಇದನ್ನು ಒಪ್ಪಲಿಲ್ಲ. ಇಂಥದೇ ಜಗಳ ಕಾವಾ ಎಂಬ ಬೇರಿನ ಮೇಲೂ ಆಗಿತ್ತು. ಫಿಜಿ, ಟೋಂಗಾ ದ್ವೀಪಗಳವರು ತಲೆತಲಾಂತರದಿಂದ ನೀರಿನಲ್ಲಿ ಕದಡಿ ಕುಡಿಯುತ್ತಿದ್ದ ಬೇರು ಅದು. ಯುರೋಪಿನವರು ಅದರ ಗಟ್ಟಿ ಸಾರವನ್ನು ಆತಂಕಕ್ಕೆ ಗುಳಿಗೆ ಮಾಡಿ ಮಾರಿದರು. ಲಿವರ್ ಕೆಟ್ಟ ದೂರುಗಳು ಬಂದು 2002ರಲ್ಲಿ ಜರ್ಮನಿ ಅದನ್ನು ನಿಲ್ಲಿಸಿತು. 2014ರಲ್ಲಿ ಅಲ್ಲಿನ ನ್ಯಾಯಾಲಯ ಆ ಆಜ್ಞೆ ಸರಿಯಲ್ಲವೆಂದಿತು. ಸರ್ಕಾರಗಳು ಜಗಳವಾಡಲಿ. ನಮಗೆ ಬೇಕಾದ ಪಾಠ ಒಂದೇ: ಹಿರಿಯರು ಕದಡಿ ಕುಡಿದದ್ದೂ ನಾವು ಗುಳಿಗೆಯಲ್ಲಿ ನುಂಗುವುದೂ ಒಂದೇ ಅಲ್ಲ.

ಸರ್ಪಗಂಧ ಕಲಿಸಿದ ಪಾಠ

ಬೇರಿಗೆ ಶಕ್ತಿ ಇಲ್ಲವೆನ್ನುವವರಿಗೆ ಸರ್ಪಗಂಧದ ಕಥೆ ಹೇಳಬೇಕು. ತಲೆ ಕೆಟ್ಟವರಿಗೆ, ನಿದ್ದೆ ಇಲ್ಲದವರಿಗೆ ಈ ಬೇರನ್ನು ನಮ್ಮ ದೇಶದಲ್ಲಿ ಬಹಳ ಹಿಂದಿನಿಂದ ಕೊಡುತ್ತಿದ್ದರು. ಮುಂಬಯಿಯ ಹೃದಯತಜ್ಞ ಡಾ. ರುಸ್ತಮ್ ಜಾಲ್ ವಕೀಲ್ 1949ರಲ್ಲಿ ಇದು ರಕ್ತದೊತ್ತಡ ಇಳಿಸುತ್ತದೆಂದು ಬ್ರಿಟಿಷ್ ವೈದ್ಯ ಪತ್ರಿಕೆಯಲ್ಲಿ ಬರೆದು ಜಗತ್ತಿನ ಗಮನ ಸೆಳೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನವರು ಅದರಿಂದ ರಿಸರ್ಪಿನ್ ಎಂಬ ಸತ್ವ ಬೇರ್ಪಡಿಸಿದರು. ಅದು ದೊಡ್ಡ ಔಷಧಿಯಾಯಿತು. ಜೊತೆಗೇ ಕೆಲವರಿಗೆ ಮನಸ್ಸು ಕುಗ್ಗಿಹೋಗುವ ದೂರೂ ಬಂತು.  ವೈದ್ಯರ ಮೇಲ್ವಿಚಾರಣೆಯಲ್ಲೇ ಇದನ್ನು ಸೇವಿಸಬೇಕು. ಅಶ್ವಗಂಧ ಅಷ್ಟು ಉಗ್ರವಲ್ಲ. ಆದರೆ ಎರಡರ ನೀತಿ ಒಂದೇ. ಗುಣ ಮಾಡುವ ಶಕ್ತಿ ಇದ್ದ ಮೇಲೆ ಕೇಡು ಮಾಡುವ ಶಕ್ತಿಯೂ ಇದ್ದೇ ಇರುತ್ತದೆ.

ಮಳವಳ್ಳಿ ಕಡೆಯವರಾದ ನಮ್ಮ ಅತ್ತೆ ಇದನ್ನೇ ಒಂದು ಮಾತಿನಲ್ಲಿ ಹೇಳಿಬಿಟ್ಟರು. "ಹಿರೇಮದ್ದು ಅಂತ ಸುಮ್ಕೆ ಕರೆದ್ರೇನವ್ವ? ಮದ್ದು ಅಂದ್ಮೇಲೆ ಅದಕ್ಕೊಂದು ಲೆಕ್ಕ ಇರ್ತದೆ. ಬಸ್ರೀಗೊಂದು, ಬಾಣಂತೀಗೊಂದು. ಪಂಡಿತ್ರು ಕೈ ನೋಡ್ದೆ ಕೊಡ್ತಿರ್ಲಿಲ್ಲ." ನಿಜ. ನಮ್ಮ ಕಡೆ ಮದ್ದು ಎಂದರೆ ಔಷಧಿಯೂ ಹೌದು, ಆಗದವರಿಗೆ 'ಮದ್ದಿಟ್ಟರು' ಎನ್ನುವಾಗ ವಿಷವೂ ಹೌದು. ಹಿರಿಯರು ಎರಡಕ್ಕೂ ಒಂದೇ ಪದ ಸುಮ್ಮನೆ ಇಡಲಿಲ್ಲ.

ಯಾರು ದೂರ ಇರಬೇಕು?

ವೈದ್ಯರನ್ನು ಕೇಳದೆ ಈ ಕೆಳಗಿನವರು ಅಶ್ವಗಂಧ ಮುಟ್ಟದಿರುವುದೇ ಲೇಸು:

ಬಸುರಿಯರು, ಮಗುವಿಗೆ ಹಾಲೂಡಿಸುವವರು. ಗರ್ಭಕ್ಕೆ ತೊಂದರೆಯಾಗಬಹುದೆಂಬ ಭಯವಿದೆ.

ಥೈರಾಯ್ಡ್ ಕಾಯಿಲೆಯವರು, ಮಂದವಿರಲಿ ಚುರುಕಿರಲಿ.

ಲಿವರ್ ಕಾಯಿಲೆ ಇರುವವರು, ಹಿಂದೆ ಕಾಮಾಲೆ ಬಂದು ಹೋದವರು, ಮದ್ಯಪಾನದ ಅಭ್ಯಾಸವಿರುವ ಗಂಡಸರು.

ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು. ಸಕ್ಕರೆಯೂ ಒತ್ತಡವೂ ಬೇಕಾದ್ದಕ್ಕಿಂತ ಕೆಳಗೆ ಇಳಿಯಬಹುದು.

ನಿದ್ದೆ ಮಾತ್ರೆ, ಮೂರ್ಛೆ ರೋಗದ ಮಾತ್ರೆ, ಮನಸ್ಸಿನ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು. ಮಂಪರು ಹೆಚ್ಚಾಗಬಹುದು.

ಸಂಧಿವಾತ ಮುಂತಾದ, ದೇಹ ತನ್ನನ್ನೇ ತಾನು ಹೊಡೆಯುವ ಕಾಯಿಲೆಯವರು. ಅಂಗ ಕಸಿ ಮಾಡಿಸಿಕೊಂಡು ಅದಕ್ಕೆ ಮಾತ್ರೆಯಲ್ಲಿರುವವರು.

ಆಪರೇಷನ್ನಿಗೆ ದಿನ ಗೊತ್ತಾಗಿರುವವರು. ಅರಿವಳಿಕೆ ಕೊಡುವ ಡಾಕ್ಟರಿಗೆ ಇದನ್ನು ಮರೆಯದೆ ಹೇಳಬೇಕು.

ಹಾಗಾದರೆ ಬೇಡವೇ ಬೇಡವೇ?

ಹಾಗೆ ನಾನು ಹೇಳುವುದಿಲ್ಲ. ತೆಗೆದುಕೊಳ್ಳಲೇಬೇಕೆಂದಿದ್ದರೆ ಮೊದಲು ಓದಿದ ಆಯುರ್ವೇದ ವೈದ್ಯರನ್ನು ನೋಡಿ, ನಿಮ್ಮ ಕಾಯಿಲೆ, ನೀವು ನುಂಗುವ ಮಾತ್ರೆ ಎಲ್ಲವನ್ನೂ ಹೇಳಿ. ಆಮೇಲೆ ಈ ಐದು ಮಾತು ಸೆರಗಿನಲ್ಲಿ ಗಂಟು ಹಾಕಿಕೊಳ್ಳಿ.

ಒಂದು: ಪುಡಿಯೂ ಸಾರವೂ ಒಂದೇ ಅಲ್ಲ. ಬೇರಿನ ಪುಡಿಯಲ್ಲಿ ಮುಖ್ಯ ಸತ್ವ ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಕ್ಯಾಪ್ಸೂಲಿನ ಸಾರದಲ್ಲಿ ಅದನ್ನು ಶೇಕಡ 5, ಇನ್ನೂ ಹೆಚ್ಚಿಗೂ ಏರಿಸಿರುತ್ತಾರೆ. ಅದಕ್ಕೇ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬೇಡಿ. ಡಬ್ಬದ ಮೇಲೆ 'ವಿಥನೊಲೈಡ್' ಎಂದು ಬರೆದು ಶೇಕಡ ಎಷ್ಟೆಂದು ಹಾಕಿರುತ್ತಾರೆ, ನೋಡಿ.

ಎರಡು: ಚಮಚದ ಲೆಕ್ಕ ಗಟ್ಟಿ ಮಾಡಿಕೊಳ್ಳಿ. ನಮ್ಮ ಮನೆಯಲ್ಲಿ ಸಾರು ಬಡಿಸುವ ಚಮಚವೂ ಚಮಚವೇ, ಕಾಫಿ ಚಮಚವೂ ಚಮಚವೇ! ವೈದ್ಯರು ಹೇಳಿದ ಗ್ರಾಂ ಎಷ್ಟು ಎಂದು ಅಳತೆ ಮಾಡಿ ಇಟ್ಟುಕೊಳ್ಳಿ.

ಮೂರು: ಗಡುವು ಹಾಕಿಕೊಳ್ಳಿ. ಶುರು ಮಾಡಿದ ದಿನವನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಸೇವಿಸಿದರೆ ಸುರಕ್ಷಿತ ಎನ್ನುವುದಕ್ಕೆ ಆಧಾರ ಸಾಲದು.

ನಾಲ್ಕು: ಡಬ್ಬ ನೋಡಿ ಕೊಳ್ಳಿ. ತಯಾರಕರ ಹೆಸರು, ಪರವಾನಗಿ ಸಂಖ್ಯೆ, ತಯಾರಾದ ತಿಂಗಳು, 'ಬೇರು' ಎಂಬ ಮಾತು ಇದೆಯೇ? ಸಂತೆಯಲ್ಲಿ, ಬಸ್ಸಿನಲ್ಲಿ ಮಾರುವ ಹೆಸರಿಲ್ಲದ ಪುಡಿ ಬೇಡ. 2004ರಲ್ಲಿ ಪ್ರಕಟವಾದ ಒಂದು ವರದಿಯಂತೆ, ಅಮೆರಿಕದ ಬಾಸ್ಟನ್ ಸುತ್ತಿನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ತಯಾರಿಕೆಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಇಲ್ಲವೇ ಆರ್ಸೆನಿಕ್ ಸಿಕ್ಕಿತ್ತು.

ಐದು: ಇದು ಎಲ್ಲಕ್ಕಿಂತ ಮುಖ್ಯ. ಡಾಕ್ಟರು "ಬೇರೆ ಏನಾದರೂ ತಗೋತೀರಾ?" ಎಂದರೆ ಪುಡಿ, ಲೇಹ್ಯ, ಕಷಾಯ, ಹಾಲಿಗೆ ಹಾಕುವುದು, ನೆಂಟರು ಕೊಟ್ಟದ್ದು ಎಲ್ಲವನ್ನೂ ಹೇಳಿ. ನಾಚಿಕೆ ಬೇಡ. ನಾನು ಅಂದು ಒಂದು ಮಾತು ಹೇಳಿದ್ದರೆ ಎರಡು ಸಲ ರಕ್ತ ಕೊಡುವುದು ತಪ್ಪುತ್ತಿತ್ತು.

ದಿಗಿಲಿಗೆ ಮದ್ದು ಬೇರೆಯೂ ಉಂಟು

ಅಶ್ವಗಂಧ ಬಿಟ್ಟೆ ಸರಿ, ನನ್ನ ದಿಗಿಲು ಏನಾಯಿತು ಎಂದು ನೀವು ಕೇಳಬೇಕು. ಥೈರಾಯ್ಡ್ ಸರಿಹೋದ ಮೇಲೂ ಹಳೆಯ ದಿಗಿಲು ಉಳಿದೇ ಇತ್ತು. ಡಾಕ್ಟರಮ್ಮ ಮನೋವೈದ್ಯರ ಹತ್ತಿರ ಹೋಗಿ ಎಂದಾಗ ಮೊದಲು ನನಗೆ ಅವಮಾನವಾಯಿತು. "ನಂಗೇನ್ ಹುಚ್ಚಾ?" ಎಂದೆ. ಯಜಮಾನರು ಒಂದೇ ಮಾತು ಹೇಳಿದರು: "ಹಲ್ ನೋವಿಗೆ ಹಲ್ಲಿನ ಡಾಕ್ಟ್ರು ಬೇಕು ಅಂದ್ರೆ ಒಪ್ತೀಯ. ಇದಕ್ಯಾಕೆ ಇಷ್ಟು?"

ಹೋದೆ. ನಾಲ್ಕಾರು ಸಲ ಕೂತು ಮಾತಾಡಿಸಿದರು. ಕನಗನಮರಡಿಯ ಹೆಸರು ಬಾಯಿಗೆ ಬಂದಾಗ ಅಷ್ಟು ವರ್ಷದ ಮೇಲೆ ಮೊದಲ ಸಲ ಮನಸಾರೆ ಅತ್ತೆ. ಅವರು ಹೇಳಿಕೊಟ್ಟದ್ದು ಸುಲಭದ ಕೆಲಸಗಳು. ನಾಲ್ಕು ಎಣಿಸುತ್ತಾ ಉಸಿರು ಎಳೆದು, ಆರು ಎಣಿಸುತ್ತಾ ನಿಧಾನಕ್ಕೆ ಬಿಡುವುದು; ದಿನವೂ ಅರ್ಧ ಗಂಟೆ ನಡೆಯುವುದು; ಮಧ್ಯಾಹ್ನದ ಮೇಲೆ ಕಾಫಿ ಬಿಡುವುದು; ಮಗಳಿಗೆ ಹತ್ತು ಸಲ ಫೋನ್ ಮಾಡುವ ಬದಲು ಅವಳು ಇಳಿದ ತಕ್ಷಣ ಒಂದು ಸಲ ತಿಳಿಸುವುದೆಂದು ಮಾತು ಮಾಡಿಕೊಳ್ಳುವುದು. ನಾನು ನಡೆಯಲು ಆರಿಸಿಕೊಂಡದ್ದು ಯಾವ ದಾರಿ ಗೊತ್ತೇ? ನಾಲೆಯ ಏರಿಯ ದಾರಿ. ಮೊದಲ ವಾರ ಕಾಲು ನಡುಗಿತು. ಈಗ ಅಲ್ಲೇ ನಿಂತು ನೀರು ನೋಡುತ್ತೇನೆ.

ನನಗೆ ಮಾತ್ರೆ ಬೇಕಾಗಲಿಲ್ಲ. ಬೇಕಾದವರು ತೆಗೆದುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಎರಡು ವಾರಕ್ಕೂ ಮೀರಿ ನಿದ್ದೆ ಊಟ ಕೆಟ್ಟರೆ, ಮನೆಗೆಲಸಕ್ಕೆ ಕೈ ಬಾರದಾದರೆ, ಬದುಕೇ ಬೇಡ ಎನಿಸಿದರೆ ಪುಡಿ ಹುಡುಕುತ್ತಾ ಕೂರಬೇಡಿ. ಮಂಡ್ಯದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಮನೆಯಿಂದ ಹೊರಡಲಾಗದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. 2022ರಲ್ಲಿ ಶುರುವಾದ ಈ ಸೇವೆ ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಬೆನ್ನಿಗಿದೆ.

ಮಲಗುವ ಮುಂಚೆ ಒಂದು ಲೋಟ

ಅಶ್ವಗಂಧದ ಹಾಲು ಬಿಟ್ಟ ಮೇಲೆ ರಾತ್ರಿ ಏನೋ ಕಳೆದುಕೊಂಡಂತೆ ಆಗುತ್ತಿತ್ತು. ಆಗ ಅತ್ತೆ ಗಸಗಸೆ ಪಾಯಸ ಮಾಡಿಕೊಟ್ಟರು. ಇದು ಕಾಯಿಲೆಗೆ ಮದ್ದಲ್ಲ, ಹೊಟ್ಟೆ ತಂಪಾಗಿ ಮನಸ್ಸಿಗೆ ಹಿತವಾಗುವ ತಿನಿಸು. ನಾಲ್ಕು ಜನಕ್ಕೆ ಅಳತೆ ಕೊಡುತ್ತೇನೆ.

ಬೇಕಾಗುವ ಸಾಮಾನು: ಗಸಗಸೆ 2 ದೊಡ್ಡ ಚಮಚ, ಅಕ್ಕಿ 1 ದೊಡ್ಡ ಚಮಚ, ತೆಂಗಿನಕಾಯಿ ತುರಿ ಅರ್ಧ ಬಟ್ಟಲು, ಪುಡಿ ಮಾಡಿದ ಬೆಲ್ಲ ಮುಕ್ಕಾಲು ಬಟ್ಟಲು, ಹಾಲು 1 ಲೋಟ, ನೀರು 2 ಲೋಟ, ಏಲಕ್ಕಿ 3, ತುಪ್ಪ 1 ಚಮಚ, ಗೋಡಂಬಿ ನಾಲ್ಕಾರು.

ಮಾಡುವ ವಿಧಾನ: ಗಸಗಸೆ ಮತ್ತು ಅಕ್ಕಿಯನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವ ತನಕ ಹುರಿಯಿರಿ, ಸೀಯಬಾರದು. ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಕಾಯಿತುರಿ ಏಲಕ್ಕಿಯ ಜೊತೆ ನುಣ್ಣಗೆ ರುಬ್ಬಿ. ಬೆಲ್ಲವನ್ನು ನೀರಿನಲ್ಲಿ ಕರಗಿಸಿ ಸೋಸಿ, ರುಬ್ಬಿದ್ದನ್ನು ಹಾಕಿ ಹಸಿ ವಾಸನೆ ಹೋಗುವ ತನಕ ಕುದಿಸಿ, ತಳ ಹಿಡಿಯದಂತೆ ಕೈಯಾಡಿಸುತ್ತಿರಿ. ಕೆಳಗಿಳಿಸಿ ಸ್ವಲ್ಪ ಆರಿದ ಮೇಲೆ ಕಾಯಿಸಿದ ಹಾಲು ಬೆರೆಸಿ; ಕುದಿಯುವಾಗ ಹಾಲು ಹಾಕಿದರೆ ಒಡೆದೀತು. ತುಪ್ಪದಲ್ಲಿ ಗೋಡಂಬಿ ಹುರಿದು ಹಾಕಿ. ಸಕ್ಕರೆ ಕಾಯಿಲೆಯವರು ಬೆಲ್ಲದ ಬಗ್ಗೆ ಎಚ್ಚರ!

ಮೊನ್ನೆ ಮಗಳು ಒಂದು ಗಂಟೆ ತಡವಾಗಿ ಬಂದಳು. ಬಸ್ಸು ಕೆಟ್ಟಿತ್ತಂತೆ. ಮೊದಲೇ ತಿಳಿಸಿದ್ದಳು. ಬಾಗಿಲಲ್ಲಿ ನಿಲ್ಲದೆ ಒಳಗೆ ಹುರುಳಿ ಬಸ್ಸಾರಿಗೆ ಒಗ್ಗರಣೆ ಹಾಕುತ್ತಿದ್ದ ನನ್ನನ್ನು ನೋಡಿ, "ಏನಮ್ಮ, ಇವತ್ತು ಗೇಟ್ ಹತ್ರ ಇಲ್ಲ?" ಎಂದು ಕೇಳಿದಳು. ಎದೆ ಸ್ವಲ್ಪ ಡವಗುಟ್ಟುತ್ತಲೇ ಇತ್ತು, ಸುಳ್ಳೇಕೆ ಹೇಳಲಿ? ಆದರೆ ಸೌಟು ನಡುಗಲಿಲ್ಲ.

ಸೋದರಿಯರೇ, ಇಂದೇ ನಿಮ್ಮ ಕಪಾಟು ತೆಗೆದು ನೋಡಿ. ಅಶ್ವಗಂಧದ ಡಬ್ಬ ಇದ್ದರೆ ಯಾರು, ಎಷ್ಟು, ಎಂದಿನಿಂದ ತೆಗೆದುಕೊಳ್ಳುತ್ತಿದ್ದಾರೆಂದು ಮನೆಯಲ್ಲಿ ಕೇಳಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಆ ಡಬ್ಬವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ.